ಒಂದು ಜಾಡಿಗೆ ಒಂದು ಕೈ

ಪ್ರತಿ ವರ್ಷ ನಿಂಬೆಯ ಕಾಲ ಶುರುವಾಗುವ ಮುಂಚೆ ಆ ಜಾಡಿ ಮನೆಗೆ ವಾಪಸ್ಸು ಬರುತ್ತಿತ್ತು. ಬೆಳಗಿನ ಬಸ್ಸಿನ ಕಂಡಕ್ಟರು ತಿರುವಿನ ಹತ್ತಿರ ಬಸ್ಸು ನಿಧಾನ ಮಾಡಿಸಿ, ಸೀಟಿನ ಕೆಳಗಿಂದ ಅದನ್ನು ಎಳೆದು, ಕಾದು ನಿಂತವರ ಕೈಗೆ ಕೊಟ್ಟು, "ತಗೊಳ್ಳಿ, ನಿಮ್ಮ ಹುಡುಗಿ ನೆಕ್ಕಿ ಕಳಿಸಿದ್ದಾಳೆ" ಎಂದು ನಗುತ್ತಿದ್ದ. ಜಾಡಿ ಹಗುರವಾಗಿರುತ್ತಿತ್ತು. ತೊಳೆದು, ಬಿಸಿಲಿಗಿಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಅದು ಗಾಯಕ್ಕೆ ಕಟ್ಟುವ ಬಟ್ಟೆ. ಮನೆಯ ಮಗಳು ದೂರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು.

ಈ ಸಲ ಕಂಡಕ್ಟರು ನಗಲಿಲ್ಲ. "ಎರಡೂ ಕೈಲಿ ಹಿಡ್ಕೋ ಮಗಾ, ಭಾರ ಇದೆ" ಎಂದ.

ತರಲು ಹೋಗಿದ್ದವಳು ಮೊಮ್ಮಗಳು, ಹೈಸ್ಕೂಲಿನ ಕೊನೆಯ ವರ್ಷದವಳು. ಮನೆಯಲ್ಲಿ ಅವಳನ್ನು ಸಾಸಿವೆ ಎನ್ನುತ್ತಿದ್ದರು. ಗಾತ್ರ ಚಿಕ್ಕದು, ಬಿಸಿ ತಾಗಿದರೆ ಸಿಡಿಯುತ್ತಾಳೆ ಎಂದು. ಅವಳು ಜಾಡಿಯನ್ನು ಎದೆಗೆ ಒತ್ತಿಕೊಂಡು, ಅಪ್ಪ ಬಿಚ್ಚಿ ಹರಡಿದ್ದ ಪಂಪಿನ ಭಾಗಗಳ ನಡುವೆ ಕಾಲು ಇಡುತ್ತಾ ಅಂಗಳ ದಾಟಿ, ಅಜ್ಜಿಯ ಮುಂದೆ ಇಳಿಸಿದಳು.

"ಅಜ್ಜಿ, ನರ್ಸತ್ತೆ ತಿಂದೇ ಇಲ್ಲ."

ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ಮೊರ ಪಕ್ಕಕ್ಕೆ ಸರಿಸಿ, ಸೀರೆ ಸೆರಗಿಗೆ ಕೈ ಒರೆಸಿಕೊಂಡು, ಬಟ್ಟೆಯ ಗಂಟು ಬಿಚ್ಚಲು ನೋಡಿದಳು. ಬೆರಳು ಕೂಡಿ ಬರಲಿಲ್ಲ. ಸಾಸಿವೆ ಹಲ್ಲಿನಲ್ಲಿ ಎಳೆದು ಬಿಚ್ಚಿಕೊಟ್ಟಳು. ಜಾಡಿಯ ಕತ್ತಿನಿಂದ ಎರಡು ಬೆರಳಷ್ಟು ಮಾತ್ರ ಇಳಿದಿತ್ತು. ಉಪ್ಪಿನಲ್ಲಿ ಸರಿಯಾಗಿ ಹಣ್ಣಾದ ನಿಂಬೆ ಹೇಗಿರಬೇಕೆಂದರೆ, ಸಿಪ್ಪೆ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು. ಹಲ್ಲಿಗೆ ಒಂದು ಸಲ 'ಇಲ್ಲ' ಎಂದು ಆಮೇಲೆ ಬಗ್ಗಬೇಕು. ಇದು ಚಮಚ ತಾಗಿದ್ದಕ್ಕೇ ಬೆಂದ ಗೆಣಸಿನಂತೆ ಕುಸಿಯಿತು. ಮೇಲೆ ಬೂದಿ ಬಣ್ಣದ ತೆಳು ಕೆನೆ.

"ಬಸ್ಸಲ್ಲಿ ಕುಲುಕಿ ಕೆಟ್ಟಿರಬೇಕು" ಎಂದಳು ಅಜ್ಜಿ.

"ಬಸ್ಸು ಹೋದ ವರ್ಷಾನೂ ಕುಲುಕಿತ್ತಲ್ಲಜ್ಜಿ."

"ನೀನು ಹೋಗಿ ಓದ್ಕೋ."

ಮಗಳ ಫೋನು ಬರುವುದು ಭಾನುವಾರ, ಅದೂ ಅವಳಿಗೆ ಬೆಳಗಿನ ಪಾಳಿ ಇಲ್ಲದಿದ್ದರೆ. ಆ ಭಾನುವಾರ ಬಂತು. ಅಜ್ಜಿ ಎಂದಿನಂತೆ ಕಿಟಕಿಯ ಬಳಿ ನಿಂತು, ಫೋನಿಗೆ ಕಿವುಡೆಂಬಂತೆ ಜೋರಾಗಿ ಮಾತಾಡಿದಳು. ಪಕ್ಕದ ಕೋಣೆಯಲ್ಲಿ ಸೊಸೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಈ ಕಡೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಊಟ ಆಯ್ತಾ?... ಹೂಂ... ಬಂತು ಬಂತು, ಮೊನ್ನೇನೇ ಬಂತು... ಯಾರು ಅಂದ್ರೆ?... ಅದು, ಆಗ ನನಗೆ ಸ್ವಲ್ಪ ಜ್ವರ ಇತ್ತು ನೋಡು. ಈ ಸಲ ಅತ್ತಿಗೆ ಹಾಕಿದ್ದು."

ಯಂತ್ರ ನಿಂತಿತು.

"ಯಾಕೆ? ಬೇಡ ಅಂದ್ರೆ ಹೇಗೆ?... ಅಂಗಡೀಲಿ ಸಿಗೋದು ಒಂದು ಉಪ್ಪಿನಕಾಯೇನೇ?... ಕಂಡಕ್ಟರಿಗೆ ಎಂಥ ತೊಂದರೆ, ಅವನಿಗೂ ಒಂದು ಡಬ್ಬಿ ಕೊಡ್ತೀನಲ್ಲ... ಹೂಂ. ಆಯ್ತು. ಆಯ್ತಮ್ಮ. ಹೊತ್ತಿಗೆ ಸರಿಯಾಗಿ ತಿನ್ನು."

ಫೋನು ಇಟ್ಟ ಮೇಲೆ ಅಜ್ಜಿ ಕಿಟಕಿಯ ಸರಳನ್ನು ಹಿಡಿದು ನಿಂತಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಸೊಸೆ ಬಾಗಿಲಿಗೆ ಬಂದಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ. ಅವನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು ಕೇಳಿದಳು:

"ಅತ್ತೆ, ನಾನು ಯಾವಾಗ ಹಾಕಿದೆ?"

"ಏನೀಗ? ನೀನೇ ತಾನೇ ಒರೆಸಿ ಹೆಚ್ಚಿದ್ದು."

"ಹೆಚ್ಚಿದ್ದು ನಾನು. ಉಪ್ಪು ಹಾಕಿದ್ದು ಯಾರು?"

"ಒರೆಸುವಾಗ ತೇವ ಉಳಿಸಿದ್ರೆ ಉಪ್ಪು ಏನು ಮಾಡುತ್ತೆ ಪಾಪ?" ಎಂದು ಅಜ್ಜಿ ಹಿತ್ತಿಲಿಗೆ ಹೋದಳು.

ಆ ರಾತ್ರಿ ಊಟಕ್ಕೆ ಕೂತಾಗ ಮಾತು ಮತ್ತೆ ಎದ್ದಿತು. ಪಂಪು ರಿಪೇರಿ ಮಾಡುವ ಮಗ ಕೈಗೆ ಎಷ್ಟು ಸೋಪು ಹಚ್ಚಿದರೂ ಹೋಗದ ಗ್ರೀಸಿನ ವಾಸನೆಯೊಂದಿಗೆ ಬಂದು ಕೂತು, ಅನ್ನಕ್ಕೆ ಮೊಸರು ಹಾಕಿಕೊಂಡು, ಅಭ್ಯಾಸಬಲದಿಂದ ತಟ್ಟೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿದ. ಅಲ್ಲಿ ಏನೂ ಇರಲಿಲ್ಲ. ಮನೆಯ ಜಾಡಿ ಹಿಂದಿನ ದಿನವೇ ಬರಿದಾಗಿತ್ತು.

"ಉಪ್ಪಿನಕಾಯಿ?"

"ನಿಮ್ಮ ತಂಗಿ ವಾಪಸ್ಸು ಕಳಿಸಿದ್ದಾಳೆ, ಅದನ್ನೇ ಬಡಿಸ್ಲಾ?" ಎಂದಳು ಸೊಸೆ. "ಹಾಕಿದ ಪಾಪಿ ನಾನಂತೆ. ಹದಿನೆಂಟು ವರ್ಷ ಆಯ್ತು ಈ ಮನೆಗೆ ಬಂದು. ಉಪ್ಪಿನ ಚೀಲಕ್ಕೆ ಕೈ ಹಾಕೋಕೆ ಒಂದು ದಿನ ಬಿಟ್ಟಿಲ್ಲ. ಕೆಟ್ಟಾಗ ಮಾತ್ರ ಕೈ ನಂದು."

"ಏನಮ್ಮಾ ಇದು?"

"ತಿನ್ನೋ ಹೊತ್ತಲ್ಲಿ ಪಂಚಾಯಿತಿ ಬೇಡ" ಎಂದಳು ಅಜ್ಜಿ.

"ಅಜ್ಜಿ, ಹಡಗಿನವರು ತಿಂಗಳುಗಟ್ಟಲೆ ಸಮುದ್ರದ ಮೇಲೆ ಹೋಗುವಾಗ ಉಪ್ಪಲ್ಲಿ ಹಾಕಿದ ತರಕಾರಿ ಪೀಪಾಯಿಗಟ್ಟಲೆ ಒಯ್ತಿದ್ರಂತೆ" ಎಂದಳು ಸಾಸಿವೆ, ಮಾತು ತಿರುಗಿಸಲು. "ಒಸಡಲ್ಲಿ ರಕ್ತ ಬರಬಾರದು ಅಂತ. ಸಾವಿರಾರು ವರ್ಷದಿಂದ ಜನ ಸೌತೆಕಾಯಿ ನೆನೆಹಾಕ್ತಿದ್ದಾರಂತೆ. ಪುಸ್ತಕದಲ್ಲಿದೆ."

"ಹಡಗಿನ ಮೇಲೆ ಅವು ಕೆಡ್ತಿರಲಿಲ್ವಂತಾ?" ಎಂದು ಅಪ್ಪ ಕೇಳಿದ.

"ಉಪ್ಪು ಕಮ್ಮಿ ಆದ್ರೆ ಕೆಡುತ್ತೆ ಅಂತಾನೂ ಇದೆ."

ಅಜ್ಜಿ ಅರ್ಧ ಊಟಕ್ಕೇ ತಟ್ಟೆ ತೊಳೆದಳು.

ಆರು ವರ್ಷದ ಹಿಂದೆ ಇದೇ ಜಾಗದಲ್ಲಿ, ಇದೇ ನೆಲದ ಮೇಲೆ, ಇದೇ ಹೊತ್ತಿಗೆ ಇನ್ನೊಂದು ಊಟ ನಿಂತಿತ್ತು. ಗಂಡನ ಮನೆ ಬಿಟ್ಟು ಬಂದ ಮಗಳು ಮೂಲೆಯ ಟ್ರಂಕನ್ನು ಇನ್ನೂ ತೆರೆದಿರಲಿಲ್ಲ. ಅಣ್ಣ ರೊಟ್ಟಿ ಮುರಿಯುತ್ತಾ, "ಎಷ್ಟು ದಿನ ಇರ್ತೀಯ?" ಎಂದು ಕೇಳಿದ್ದ. ಹಿಟ್ಟು ಬೀಸಿಸಲು ಹೋಗಬೇಕಿತ್ತು, ಎಷ್ಟು ಜನಕ್ಕೆ ಎಂದು ಗೊತ್ತಾಗಬೇಕಿತ್ತು, ಅಷ್ಟೇ ಎಂದು ಅವನು ಆಮೇಲೆ ಹೆಂಡತಿಯ ಹತ್ತಿರ, ಕಂಡಕ್ಟರನ ಹತ್ತಿರ, ಪಂಪಿಗೆ ಕರೆದವರ ಹತ್ತಿರವೆಲ್ಲ ಹೇಳಿಕೊಂಡ. ತಂಗಿಯ ಹತ್ತಿರ ಹೇಳಲಿಲ್ಲ. ಅವಳು ತಟ್ಟೆಯಲ್ಲೇ ಕೈ ತೊಳೆದು, ತೆರೆಯದ ಟ್ರಂಕನ್ನು ಎತ್ತಿಕೊಂಡು, ರಾತ್ರಿ ಬಸ್ಸಿಗೆ ಹೋಗಿಬಿಟ್ಟಿದ್ದಳು. ಆಮೇಲೆ ಈ ಮನೆಯ ಹೊಸಿಲು ತುಳಿದಿಲ್ಲ. ಹಣ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ, ಬಟ್ಟೆ ಕಳಿಸಿದರೆ ವಾಪಸ್ಸು. ಉಪ್ಪಿನಕಾಯಿಯ ಜಾಡಿಯೊಂದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದಳು. ಅದು ಖಾಲಿಯಾಗಿ ಬರುವುದೇ ಅವಳ ಪತ್ರವಾಗಿತ್ತು. ತಿಂದೆ, ಇದ್ದೇನೆ, ಇನ್ನೊಂದು ಕಳಿಸು.

ಇನ್ನು ಕಳಿಸಬೇಡ ಎಂದಿದ್ದಾಳೆ.

ಆ ಮನೆಯ ಉಪ್ಪಿನಕಾಯಿಗೆ ಒಂದು ಕಟ್ಟಳೆ ಇತ್ತು. ಹತ್ತು ಕಾಯಿಗೆ ಒಂದು ಮುಷ್ಟಿ ಉಪ್ಪು. ಮುಷ್ಟಿ ಮನೆಯ ಹಿರಿಯ ಹೆಂಗಸಿನದು. ಒಂದು ಜಾಡಿಗೆ ಒಂದೇ ಕೈ. ಎರಡು ಕೈ ಬಿದ್ದರೆ ಕೆಡುತ್ತದೆ. ಉಪ್ಪು ಹಾಕುವಾಗ ರುಚಿ ನೋಡುವಂತಿಲ್ಲ, ನಾಲಿಗೆ ಸುಳ್ಳು ಹೇಳುತ್ತದೆ, ಮುಷ್ಟಿ ಹೇಳುವುದಿಲ್ಲ. ಇದನ್ನು ಅಜ್ಜಿ ತನ್ನ ಅತ್ತೆಯಿಂದ, ಆ ಅತ್ತೆ ತನ್ನ ಅತ್ತೆಯಿಂದ ಕಲಿತದ್ದು. ಬಾವಿ ತೋಡಲು ಹೋಗುತ್ತಿದ್ದ ಅಜ್ಜಿಯ ಗಂಡ ಬುತ್ತಿಯ ಮೇಲೆ ಒಂದು ಹೋಳು ಇಟ್ಟುಕೊಂಡು ಹೋದರೆ, ಆಳದಲ್ಲಿ ಕೂತು ಉಣ್ಣುವಾಗ ಮೇಲಿನವರಿಗೆ ವಾಸನೆ ಬಂದು ಹಗ್ಗ ಎಳೆಯುವವರ ಬಾಯಲ್ಲಿ ನೀರೂರುತ್ತಿತ್ತಂತೆ. ಜ್ವರ ಬಿಟ್ಟು ಎದ್ದವರಿಗೆ ಮೊದಲ ಗಂಜಿಯ ಜೊತೆ ಅದರ ರಸ. ಮಗಳು ಚಿಕ್ಕವಳಿದ್ದಾಗ ಸ್ಟೂಲು ಹತ್ತಿ, ಜಾಡಿಗೆ ಕೈ ಇಳಿಸಿ, ಮೊಣಕೈವರೆಗೆ ಹರಿದದ್ದನ್ನು ನೆಕ್ಕುತ್ತಾ ಸಿಕ್ಕಿಬಿದ್ದವಳು. "ಕಳ್ಳಿ, ಕೈ ಹಾಕಿದ್ಯಾ? ಈಗ ಕೆಡುತ್ತೆ ನೋಡು" ಎಂದು ಅಜ್ಜಿ ಬೈದರೆ, "ನನ್ನ ಕೈ ನಿನ್ನ ಕೈ ಥರಾನೇ ಇದೆ, ಅದಕ್ಕೆ ಗೊತ್ತಾಗಲ್ಲ" ಎನ್ನುತ್ತಿದ್ದಳು.

ಮುಂದಿನ ವಾರ ಮಗ ಪೇಟೆಯಿಂದ ಬರುವಾಗ ಕಾರ್ಖಾನೆಯ ಒಂದು ಬಾಟಲಿ ಉಪ್ಪಿನಕಾಯಿ ತಂದ. ಕೆಂಪು ಮುಚ್ಚಳ, ಚೀಟಿಯ ಮೇಲೆ ನಗುವ ನಿಂಬೆ. ಊಟದ ಮಧ್ಯೆ ಇಟ್ಟು, "ಜಗಳ ಬೇಡ ಅಂತ ತಂದೆ" ಎಂದ.

ಸಾಸಿವೆ ಒಂದು ಹೋಳು ಬಾಯಿಗೆ ಹಾಕಿಕೊಂಡಳು. "ಚೆನ್ನಾಗೇ ಇದೆ. ಯಾರ ಮೇಲೂ ಕೋಪ ಇಲ್ಲದ ಉಪ್ಪಿನಕಾಯಿ."

"ಹುಳಿ ಇದೆ, ಖಾರ ಇದೆ" ಎಂದ ಮಗ. ಎರಡು ತುತ್ತು ತಿಂದು, "ಆದ್ರೆ ಏನೋ ಒಂದು ಇಲ್ಲ" ಎಂದ.

"ಮನೆಯವರ ಬೈಗುಳ" ಎಂದಳು ಸೊಸೆ.

ಅಜ್ಜಿ ಆ ಬಾಟಲಿಯ ಕಡೆ ನೋಡಲಿಲ್ಲ. ಬರೀ ಮೊಸರನ್ನ ತಿಂದಳು. ಬಹಳ ದಿನ ಹಾಗೇ ತಿಂದಳು. ಮಧ್ಯಾಹ್ನ ಯಾರೂ ಇಲ್ಲದಾಗ ಹಿತ್ತಿಲ ಬಾಗಿಲಲ್ಲಿ ಕೂತು ವಾಪಸ್ಸು ಬಂದ ಜಾಡಿಯನ್ನು ತೊಡೆಯ ನಡುವೆ ಇಟ್ಟುಕೊಂಡಿರುತ್ತಿದ್ದಳು. ಅದನ್ನು ಚೆಲ್ಲಲೂ ಇಲ್ಲ, ತೊಳೆಯಲೂ ಇಲ್ಲ. ಒಂದು ಸಲ ಸೊಸೆ ನೋಡಿದಾಗ ಅಜ್ಜಿ ಆ ಮೆತ್ತನೆ ಹೋಳೊಂದನ್ನು ಬಾಯಲ್ಲಿಟ್ಟುಕೊಂಡು, ರುಚಿಗಾಗಿ ಅಲ್ಲ, ಎಲ್ಲಿಯೋ ಇಟ್ಟು ಮರೆತದ್ದನ್ನು ಹುಡುಕುವವಳಂತೆ, ನಿಧಾನ ಅಗಿಯುತ್ತಿದ್ದಳು. ಸೊಸೆ ಸದ್ದು ಮಾಡದೆ ಹಿಂದೆ ಸರಿದಳು. ಅವಳ ಕೋಪ ಆರಿರಲಿಲ್ಲ. ಆದರೂ ಸರಿದಳು.

ಚಳಿ ಶುರುವಾಯಿತು. ಅಜ್ಜಿಯ ಉದ್ದ ತೋಳಿನ ದಪ್ಪ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಟ್ಟರೆ, ತೋಳಿನ ತುದಿ ಬೆರಳವರೆಗೆ ಜಾರಿತು.

"ನಿಲ್ಲಿ ಅತ್ತೆ, ಸ್ವಲ್ಪ ಒಳಗೆ ಹಿಡೀತೀನಿ" ಎಂದು ಸೊಸೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮಣಿಕಟ್ಟಿಗೆ ಟೇಪು ಸುತ್ತಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಅಂಗಿಯ ಒಳಮೈ ತಿರುಗಿಸಿದರೆ ಅಲ್ಲಿ ಹಳೆಯ ಹೊಲಿಗೆಗಳು ಒಂದರ ಪಕ್ಕ ಒಂದು ಇದ್ದವು, ಹೊಲದ ಸಾಲಿನಂತೆ. ಹೋದ ಚಳಿಯಲ್ಲಿ ಹಿಡಿದದ್ದು, ಅದರ ಹಿಂದಿನ ಚಳಿಯದು, ಅದರ ಹಿಂದಿನದು. ಎಲ್ಲವೂ ಅವಳದೇ ಕೈಯ ಹೊಲಿಗೆ.

"ಕೈ ಮುಚ್ಚಿ ನೋಡೋಣ" ಎಂದಳು.

"ಯಾಕೆ?"

"ತೋಳಲ್ಲಿ ತೂರುತ್ತಾ ನೋಡ್ಬೇಕು."

ಅಜ್ಜಿ ಬೆರಳು ಮಡಿಸಿದಳು. ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ನಡುವಿನ ಎರಡು ಬೆರಳು ಬಾಗಿದಲ್ಲೇ ನಿಂತವು. ಅಂಗೈಯ ಮಾಂಸವೆಲ್ಲ ಹೋಗಿ, ಮುದುಡಿದ ಎಲೆಯಷ್ಟಾಗಿತ್ತು.

ಸೊಸೆ ಏನೂ ಹೇಳದೆ ತೋಳು ಹಿಡಿದು ಹೊಲಿದುಕೊಟ್ಟಳು. ಹೇಳಿದ್ದು ಗಂಡನಿಗೆ, ಅವನು ಅಂಗಳದಲ್ಲಿ ಪಂಪಿನ ವಾಷರು ಬದಲಿಸುತ್ತಿದ್ದಾಗ.

"ನಿಂಬೆಹಣ್ಣು ಕೆಟ್ಟಿದ್ದಲ್ಲ. ತೇವಾನೂ ಅಲ್ಲ. ನಿಮ್ಮಮ್ಮನ ಮುಷ್ಟಿ ಚಿಕ್ಕದಾಗಿದೆ."

"ಅಂದ್ರೆ?"

"ಹತ್ತಕ್ಕೆ ಒಂದು ಮುಷ್ಟಿ ಅಂತ ಇವತ್ತಿಗೂ ಹಾಕ್ತಾರೆ. ಆದ್ರೆ ಯಾವ ಮುಷ್ಟಿ? ಮೂವತ್ತು ವರ್ಷದ ಹಿಂದಿನ ಮುಷ್ಟಿನಾ, ಈಗಿಂದಾ? ಈಗ ಅದರಲ್ಲಿ ಅರ್ಧಾನೂ ಹಿಡಿಯಲ್ಲ. ನಾಲ್ಕು ವರ್ಷದಿಂದ ಒಂದೊಂದು ಚೂರು ಮೆತ್ತಗಾಗ್ತಾ ಬರಲಿಲ್ವಾ? ನಾವು ಒಂದು ವರ್ಷ ಬಿಸಿಲು ಸಾಲದು ಅಂದ್ವಿ, ಒಂದು ವರ್ಷ ಕಾಯಿ ಎಳೇದು ಅಂದ್ವಿ."

ಮಗ ಸ್ಪ್ಯಾನರು ಕೆಳಗಿಟ್ಟ. "ಅಮ್ಮನಿಗೆ ಹೇಳ್ಬೇಡ."

"ಯಾಕೆ?"

"ಇರೋದು ಅದೊಂದೇ ಕೆಲಸ ಅವಳಿಗೆ."

ಹೇಳಬಾರದೆಂದು ಇಬ್ಬರೂ ಒಪ್ಪಿದರು. ಆದರೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸಾಸಿವೆಯ ಕಿವಿ ಒಪ್ಪಂದಕ್ಕೆ ಸೇರಿರಲಿಲ್ಲ. ಎರಡು ದಿನ ತಡೆದಳು. ಮೂರನೆಯ ದಿನ ಅಜ್ಜಿ ಊಟದಲ್ಲಿ, "ಈ ಸಲ ಒರೆಸೋದೂ ನಾನೇ ಒರೆಸ್ತೀನಿ, ತೇವ ಯಾರು ಉಳಿಸ್ತಾರೆ ನೋಡ್ತೀನಿ" ಎಂದಾಗ ಸಿಡಿದಳು.

"ಸುಮ್ನೆ ಅಮ್ಮನ ಮೇಲೆ ಯಾಕೆ ಹಾಕ್ತೀಯ ಅಜ್ಜಿ? ನಿನ್ನ ಕೈ ಚಿಕ್ಕದಾಗಿದೆ! ಉಪ್ಪು ಸಾಲ್ತಿಲ್ಲ!"

"ಏಯ್!" ಎಂದ ಅಪ್ಪ.

ಅಜ್ಜಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. "ಓ. ಎಲ್ಲರಿಗೂ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ."

"ಹಾಗಲ್ಲಮ್ಮ..."

"ಬೆಳೆಯೋ ಮಕ್ಕಳ ಕೈ ಅಳೀತಾರೆ ಅಂತ ಕೇಳಿದ್ದೆ. ಸಾಯೋರ ಕೈನೂ ಅಳೀತಾರೆ ಅಂತ ಈಗ ಗೊತ್ತಾಯ್ತು" ಎಂದು ಸೊಸೆಯ ಕಡೆ ತಿರುಗಿ, "ಅಂಗಿ ನೆಪ ಮಾಡಿ ಅಳೆದ್ಯಲ್ಲ. ಪಾಪ, ಹದಿನೆಂಟು ವರ್ಷ ಕಾದಿದೀಯ. ಉಪ್ಪಿನ ಚೀಲ ಅಲ್ಲಿದೆ, ತಗೋ" ಎಂದಳು.

"ನನಗೆ ನಿಮ್ಮ ಚೀಲ ಬೇಡ" ಎಂದಳು ಸೊಸೆ. "ನನ್ನ ಹೆಸರು ಕೆಡಿಸ್ದೆ ಇದ್ರೆ ಸಾಕಾಗಿತ್ತು."

ಎರಡು ವಾರ ಅತ್ತೆ ಸೊಸೆ ಮಾತಾಡಲಿಲ್ಲ. ಏನಿದ್ದರೂ ಸಾಸಿವೆಯ ಮೂಲಕ. "ನಿಮ್ಮಮ್ಮನಿಗೆ ಹೇಳು, ಹಾಲು ಉಕ್ಕುತ್ತೆ." "ನಿಮ್ಮಜ್ಜಿಗೆ ಹೇಳು, ಒಲೆ ಆರಿಸಿ ಆಗಿದೆ." ಸಾಸಿವೆ, "ನಾನು ಓದೋದಾ, ಅಂಚೆ ಹಂಚೋದಾ?" ಎಂದು ಗೊಣಗುತ್ತಾ ಎರಡೂ ಕಡೆಯ ಮಾತನ್ನು ಖಾರ ಕಡಿಮೆ ಮಾಡಿ ಮುಟ್ಟಿಸುತ್ತಿದ್ದಳು. ಆ ನಡುವೆ ಎರಡು ಭಾನುವಾರ ಹೋದವು. ಫೋನು ಬರಲಿಲ್ಲ. ಅಜ್ಜಿ ಕಿಟಕಿಯ ಬಳಿ ನಿಂತೇ ಇದ್ದಳು. ಮೂರನೆಯ ಭಾನುವಾರ ಬಂತು. ಆದರೆ ಎರಡು ಮಾತು, ಅಷ್ಟೇ. ಊಟ ಆಯ್ತು, ಕೆಲಸ ಜಾಸ್ತಿ, ಇಡ್ತೀನಿ.

ಆಮೇಲೆ ಅಜ್ಜಿ ತಾನಾಗಿಯೇ ಸೊಸೆಯ ಕೋಣೆಗೆ ಬಂದು, ಬಟ್ಟೆ ರಾಶಿಯ ಪಕ್ಕ ನೆಲದಲ್ಲಿ ಕೂತಳು. ಸೊಸೆ ಯಂತ್ರ ತುಳಿಯುತ್ತಲೇ ಇದ್ದಳು.

"ನನ್ನ ಅತ್ತೆ ಕೊನೇ ಎರಡು ವರ್ಷ ಹಾಕಿದ ಉಪ್ಪಿನಕಾಯಿ ಕೆಟ್ಟಿತ್ತು" ಎಂದಳು ಅಜ್ಜಿ, ಯಾರಿಗೂ ಅಲ್ಲವೆಂಬಂತೆ. "ಮಳೆ ಜಾಸ್ತಿ ಆಯ್ತು ಅಂದ್ವಿ. ಅವರು ನನ್ನ ಬೈದ್ರು. ತೇವ ಉಳಿಸಿದೆ ಅಂತ. ನಾನು ಅವರು ಹೋದ ಮೇಲೂ ಒರೆಸಿದ್ದೇ ಒರೆಸಿದ್ದು, ಬಟ್ಟೆ ಸವೆಯೋಷ್ಟು. ಮೊದಲ ವರ್ಷ ನಾನು ಹಾಕಿದ್ದು ಚೆನ್ನಾಗಾಯ್ತು. ಒರೆಸಿದ್ದಕ್ಕೆ ಆಯ್ತು ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಯಂತ್ರ ನಿಂತಿತು. ಸೊಸೆ ದಾರ ಕತ್ತರಿಸಿದಳು.

"ಅವರ ಕೈನೂ..."

"ಹೂಂ. ಹಕ್ಕಿ ಕಾಲಿನ ಥರ ಆಗಿತ್ತು. ನಾನೇ ಅನ್ನ ಕಲಸಿ ಕೊಡ್ತಿದ್ದೆ. ಕಣ್ಣೆದುರೇ ಇತ್ತು." ಅಜ್ಜಿ ತನ್ನ ಕೈಯನ್ನು ತೊಡೆಯ ಮೇಲೆ ಮಗುಚಿ ಹಾಕಿದಳು. "ನಿಂಬೆ ಬಂದಿದೆಯಂತೆ ಪೇಟೇಲಿ. ತರಿಸು. ಈ ಸಲ ನೀನು ಕೈ ಹಾಕು."

ಸೊಸೆ ಹೊಲಿದ ಅಂಗಿಯನ್ನು ಮಡಿಸಿ, ರಾಶಿಯ ಮೇಲಿಟ್ಟಳು.

"ಹಾಕ್ತೀನಿ. ಆದ್ರೆ ಹೋದ ಸಲದ್ದು ನಂದಲ್ಲ ಅಂತ ನೀವು ಹೇಳ್ಬೇಕು."

"ಯಾರಿಗೆ?"

"ಯಾರಿಗೆ ಹೇಳಿದ್ರೋ ಅವರಿಗೇ."

ನಿಂಬೆ ತಂದರು. ತೆಳು ಸಿಪ್ಪೆಯ, ಕೈಗೆ ಭಾರ ಅನ್ನಿಸುವ ಹಣ್ಣುಗಳನ್ನು ಸಾಸಿವೆ ಆರಿಸಿದಳು. ಈ ಸಲ ಒರೆಸಿದ್ದು ಅಜ್ಜಿ, ಒಂದೊಂದನ್ನೂ ಹಾಲುಗಲ್ಲದ ಮಗುವಿನ ಮುಖ ಒರೆಸಿದಂತೆ. ಸೊಸೆ ಉಪ್ಪಿನ ಚೀಲದಲ್ಲಿ ಕೈ ಇಳಿಸಿ ಮೊದಲ ಮುಷ್ಟಿ ಎತ್ತಿದಾಗ ಮೂವರೂ ನೋಡಿದರು. ಕತ್ತರಿ ಹಿಡಿದು ಹಿಡಿದು ಅಗಲವಾದ ಕೈ, ಹೆಬ್ಬೆರಳ ಬುಡದಲ್ಲಿ ಗಟ್ಟಿ ಗಂಟು.

"ಅಯ್ಯಯ್ಯೋ, ಇದು ಮುಷ್ಟಿ ಅಲ್ಲ ಮೊರ" ಎಂದಳು ಸಾಸಿವೆ.

"ಉಪ್ಪು ಜಾಸ್ತಿ ಆಗುತ್ತೇನೋ ಅತ್ತೆ."

"ಆಗ್ಲಿ. ಎರಡು ವರ್ಷ ತಿಂದ್ರೆ ಇದೇ ಮನೆ ರುಚಿ ಆಗುತ್ತೆ. ನಾನು ಹಾಕಿದಾಗಲೂ ನಿಮ್ಮ ಮಾವ ಮುಖ ಸಿಂಡರಿಸಿದ್ರು. 'ಅಮ್ಮಂದು ಹೀಗಿರಲಿಲ್ಲ' ಅಂತ."

ಮನೆಯ ಜಾಡಿ ತುಂಬಿತು. ಬಾಯಿ ಕಟ್ಟಿ ಬಿಸಿಲಿಗಿಟ್ಟರು. ಇನ್ನೊಂದು ಪಾಲು ನಿಂಬೆ ಬುಟ್ಟಿಯಲ್ಲಿ ಉಳಿದಿತ್ತು. ಪ್ರತಿ ವರ್ಷ ಮಗಳ ಜಾಡಿಗೆ ಹೋಗುವಷ್ಟು. ಸೊಸೆ ಅದಕ್ಕೆ ಕೈ ಹಾಕಲಿಲ್ಲ.

"ಇದಕ್ಕೆ ನಾನು ಬೇಡ ಅತ್ತೆ. ಅವಳಿಗೆ ಬೇಕಾಗಿರೋದು ನಿಮ್ಮ ಹಳೇ ಕೈ."

"ಅದನ್ನ ಎಲ್ಲಿಂದ ತರ್ಲಿ? ಅಂಗಡೀಲಿ ಮಾರ್ತಾರಾ?"

"ಅವಳ ಹತ್ರಾನೇ ಇದೆ" ಎಂದಳು ಸೊಸೆ. "ಅವಳ ಮದುವೆಗೆ ಮುಂಚೆ ನಿಮ್ಮ ಒಂದು ಅಂಗೀನ ಅವಳಿಗೆ ಹಾಕಿ ನೋಡಿದ್ದೆ, ಕಿರಿದು ಮಾಡೋಣ ಅಂತ. ಭುಜದಿಂದ ಮಣಿಕಟ್ಟಿನ ತನಕ ಒಂದು ಹೊಲಿಗೆ ಮುಟ್ಟಬೇಕಾಗಿರಲಿಲ್ಲ. ಬೆರಳೂ ಹಾಗೇ. ನೀವು ಹೋಗಿ. ಜಾಡೀನೂ ನಿಂಬೇನೂ ತಗೊಂಡು ಹೋಗಿ. ಹೇಳ್ಬೇಕಾದ್ದನ್ನ ಹೇಳ್ದಂಗೂ ಆಯ್ತು."

ಅಜ್ಜಿ ಕೊನೆಗೂ ಆ ಕೆಟ್ಟ ಉಪ್ಪಿನಕಾಯಿಯನ್ನು ಹಿತ್ತಿಲ ಗುಂಡಿಗೆ ಸುರಿದಳು. ಜಾಡಿಯನ್ನು ಬೂದಿ ಹಾಕಿ ತಿಕ್ಕಿದಳು. ಮಗ ಬೆಳಗಿನ ಬಸ್ಸಿಗೆ ಬಿಡಲು ತಿರುವಿನವರೆಗೆ ಬಂದ. ಒಂದು ಕೈಯಲ್ಲಿ ನಿಂಬೆಯ ಚೀಲ, ಇನ್ನೊಂದರಲ್ಲಿ ಜಾಡಿ. ಬಸ್ಸಿನ ಧೂಳು ದೂರದಲ್ಲಿ ಕಂಡಾಗ ಅವನು ಬಾಯಿ ತೆರೆದ.

"ಅಮ್ಮ, ಅವಳಿಗೆ ಹೇಳು..."

"ಏನು ಹೇಳ್ಲಿ?"

"ಅವತ್ತು ಹಿಟ್ಟಿಗೆ ಕೇಳಿದ್ದು ಅಂತ."

"ಅದನ್ನ ಹೊರೋಷ್ಟು ಜಾಗ ನನ್ನ ಚೀಲದಲ್ಲಿಲ್ಲಪ್ಪ. ನೀನೇ ಯಾವಾಗಲಾದ್ರೂ ಹೊತ್ಕೊಂಡು ಹೋಗು."

ಕಂಡಕ್ಟರು ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಜಾಡಿಯನ್ನು ಸೀಟಿನ ಕೆಳಗೆ ತಳ್ಳಲು ಹೋದ. "ಬೇಡ, ತೊಡೆ ಮೇಲಿರ್ಲಿ" ಎಂದಳು. ದಾರಿಯುದ್ದಕ್ಕೂ ಅದು ತೊಡೆಯ ಮೇಲೇ ಇತ್ತು. ಪಕ್ಕದಲ್ಲಿ ಕೂತವಳೊಬ್ಬಳು, "ಒಳಗೆ ಏನಜ್ಜಿ?" ಎಂದಳು. "ಏನೂ ಇಲ್ಲ" ಎಂದಳು ಅಜ್ಜಿ. ಅದು ನಿಜವೇ ಆಗಿತ್ತು.

ಆಸ್ಪತ್ರೆಯ ಹಿಂದೆ ನರ್ಸುಗಳ ಕಟ್ಟಡ. ಮೂರನೆಯ ಮಹಡಿಯ ತನಕ ಕಾವಲುಗಾರ ಚೀಲ ಹೊತ್ತುಕೊಟ್ಟ. ಬಾಗಿಲು ತೆರೆದ ಮಗಳ ಮೈಮೇಲೆ ಇನ್ನೂ ಪಾಳಿಯ ಬಿಳಿ ಬಟ್ಟೆ ಇತ್ತು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಆರು ವರ್ಷ ಫೋನಿನಲ್ಲಿ ಅದು ಕಂಡಿರಲಿಲ್ಲ.

"ಅಮ್ಮ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನೀರು ಕೊಡು."

ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಒಬ್ಬರಿಗಾಗುವಷ್ಟು ಪಾತ್ರೆ. ಅಜ್ಜಿ ಮಂಚದ ತುದಿಯಲ್ಲಿ ಕೂತು ನೀರು ಕುಡಿದಳು. ಮಗಳು ನಿಂತೇ ಇದ್ದಳು.

"ಮನೆಗೆ ಕರೆಯೋಕೆ ಬಂದಿದ್ರೆ ಈಗಲೇ ಹೇಳ್ತೀನಮ್ಮ, ನಾನು ಬರಲ್ಲ."

"ಕರೆಯೋಕೆ ಬಂದಿಲ್ಲ. ಕಳಿಸಬೇಡ ಅಂದೆ, ಕಳಿಸಿಲ್ಲ. ನಾನೇ ತಂದೆ." ಚೀಲ ಬಿಚ್ಚಿದಳು. ನಿಂಬೆಯ ವಾಸನೆ ಸ್ಪಿರಿಟ್ಟಿನ ವಾಸನೆಯ ಕೋಣೆಯಲ್ಲೆಲ್ಲ ಹರಡಿತು. "ಹೋದ ಸಲದ್ದು ಅತ್ತಿಗೆ ಹಾಕಿದ್ದಲ್ಲ. ನಾನೇ ಹಾಕಿದ್ದು. ನಿನ್ನ ಹತ್ರ ಸುಳ್ಳು ಹೇಳಿದೆ. ನೋಡು."

ಚಾಚಿದ ಕೈಯನ್ನು ಮಗಳು ಹಿಡಿದಳು. ಮೊದಲು ಮಗಳ ಹಾಗೆ ಹಿಡಿಯಲಿಲ್ಲ, ನರ್ಸಿನ ಹಾಗೆ ಹಿಡಿದಳು. ಒಂದೊಂದು ಗಿಣ್ಣನ್ನೂ ಒತ್ತಿ, ಬೆರಳು ಮಡಿಸಿ ನೋಡಿದಳು. "ಇಲ್ಲಿ ನೋವಿದ್ಯಾ? ಇಲ್ಲಿ? ಬೆಳಿಗ್ಗೆ ಎದ್ದಾಗ ಜಾಸ್ತಿನಾ? ಎಷ್ಟು ವರ್ಷದಿಂದ ಹೀಗಿದೆ? ಯಾಕಮ್ಮ ಹೇಳಲಿಲ್ಲ?"

"ಫೋನಲ್ಲಿ ಕೈ ಕಾಣುತ್ತೇನೇ?"

ಮಗಳು ಕೈ ಬಿಡಲಿಲ್ಲ. ಆ ಕೈಯನ್ನೇ ನೋಡುತ್ತಾ ಕೇಳಿದಳು:

"ಅವತ್ತು ಅಣ್ಣ ಹಾಗೆ ಕೇಳಿದಾಗ ನೀನು ಯಾಕಮ್ಮ ಒಂದು ಮಾತೂ ಆಡಲಿಲ್ಲ?"

"ಬಾಯಲ್ಲಿ ತುತ್ತಿತ್ತು" ಎಂದಳು ಅಜ್ಜಿ. "ನುಂಗಿ ಮಾತಾಡೋಷ್ಟರಲ್ಲಿ ನೀನು ಎದ್ದಿದ್ದೆ. ಬಾಗಿಲಿಗೆ ಬಂದೆ, ನೀನು ತಿರುವು ದಾಟಿದ್ದೆ."

ಕೆಳಗೆ ಅಂಬುಲೆನ್ಸೊಂದು ಬಂದು ನಿಂತ ಸದ್ದಾಯಿತು. ಯಾರೋ ಯಾರನ್ನೋ ಕೂಗಿದರು. ಮಗಳು ಎದ್ದು, ಕೈ ತೊಳೆದು, ಬಿಳಿ ಬಟ್ಟೆಯಲ್ಲಿ ಬೆರಳ ಸಂದುಗಳನ್ನೂ ಬಿಡದೆ ಒರೆಸಿಕೊಂಡಳು. ನೆಲದ ಮೇಲೆ ಹಳೆಯ ಹಾಸಿಗೆಯ ಹೊದಿಕೆ ಹಾಸಿ, ಚಾಕು ತಂದು, ನಿಂಬೆಯನ್ನು ನಾಲ್ಕಾಗಿ ಸೀಳಿ ಎಣಿಸಿ ಇಟ್ಟಳು. ಅಜ್ಜಿ ಮನೆಯಿಂದ ತಂದಿದ್ದ ಉಪ್ಪಿನ ಗಂಟನ್ನು ಅವಳ ಕಡೆ ಸ್ವಲ್ಪವೇ ಸರಿಸಿದಳು.

"ನಾನು ಹಾಕಿದ್ರೆ ಕೆಡಲ್ವಾ?"

"ಜಾಡಿ ನಿಂದು. ಒಂದೇ ಕೈ ಬೀಳ್ತಿದೆ."

ಮಗಳು ಕೈ ಇಳಿಸಿ ಎತ್ತಿದಳು. ಅಜ್ಜಿ ಉಪ್ಪನ್ನು ನೋಡಲಿಲ್ಲ, ಕೈಯನ್ನು ನೋಡಿದಳು. ಅಗಲ ಗಿಣ್ಣು, ಸ್ವಲ್ಪ ಹೊರಕ್ಕೆ ಬಾಗಿದ ಕಿರುಬೆರಳು, ಬಿಗಿಯಾಗಿ ಮುಚ್ಚಿದ ಮುಷ್ಟಿ. ಕಿರುಬೆರಳ ಸಂದಿನಿಂದ ನಾಲ್ಕಾರು ಹರಳು ಹೊದಿಕೆಯ ಮೇಲೆ ಉದುರಿದವು. ತನ್ನ ಕೈಯಲ್ಲೂ ಅಲ್ಲೇ ಉದುರುತ್ತಿತ್ತು. ಅದು ಅವಳಿಗೆ ಮರೆತೇ ಹೋಗಿತ್ತು.

"ಉದುರಿತಲ್ಲಮ್ಮ. ಒಂದು ಚಿಟಿಕೆ ಸೇರಿಸ್ಲಾ?"

"ಬೇಡ" ಎಂದಳು ಅಜ್ಜಿ. "ಉದುರೋದೂ ಲೆಕ್ಕದಲ್ಲೇ ಇದೆ."